ಆಗಮನ ಕಾಲದಲ್ಲಿ ಕಿವಿಗೊಡುವ ಸಾಧನೆ: ಮೊದಲ ಭಾನುವಾರದಿಂದ ಕ್ರಿಸ್ಮಸ್‌ವರೆಗೆ ಹಂತ ಹಂತವಾಗಿ

ಕ್ರಿಸ್ಮಸ್‌ಗೆ ಸಿದ್ಧವಾಗುವ ಮುಂಚಿನ ವಾರಗಳಾದ ಆಗಮನ ಕಾಲ ಶುರುವಾಗುವಾಗ "ಈ ಸಲ ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ದೇವರ ಮಾತು ಆಲಿಸಬೇಕು" ಎಂದು ಮನಸ್ಸು ಮಾಡುವವರು ಬಹಳ ಜನ. ಎರಡನೇ ವಾರ ಮುಗಿಯುವುದರೊಳಗೆ ಅವರಲ್ಲಿ ಎಷ್ಟೋ ಮಂದಿ ಬಿಟ್ಟಿರುತ್ತಾರೆ. ಕೇಳಿದರೆ ಬರುವ ಉತ್ತರ ಒಂದೇ ಬಗೆಯದು: "ಕುಳಿತೆ, ಏನೂ ಕೇಳಿಸಲಿಲ್ಲ. ತಲೆ ತುಂಬ ಮನೆ ಕೆಲಸವೇ ಓಡುತ್ತಿತ್ತು."

ಇದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ, ಹಂತಗಳು ಹಿಂದುಮುಂದಾಗಿರುತ್ತವೆ. ನೇರವಾಗಿ ಮೌನದಿಂದ ಶುರುಮಾಡಿದರೆ ಆ ಖಾಲಿ ಜಾಗಕ್ಕೆ ಮೊದಲು ನುಗ್ಗುವುದು ಬಾಕಿ ಉಳಿದ ಕೆಲಸಗಳೇ. ಕ್ರೈಸ್ತ ಸಾಧನೆಯಲ್ಲಿ ಮೊದಲು ವಾಕ್ಯ (ಬೈಬಲಿನ ಮಾತು), ಆಮೇಲೆ ಮೌನ, ಅದರ ನಂತರ ನಮ್ಮ ಉತ್ತರ, ಕೊನೆಗೆ ಮನೆಯವರಿಗೆ, ನೆರೆಯವರಿಗೆ ಕಿವಿಯಾಗುವುದು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ದಿನಕ್ಕೆ 20 ನಿಮಿಷ ಸಾಕು.

## ಬೇಕಾಗುವ ಸಾಮಗ್ರಿ

ಅಚ್ಚಾದ ಬೈಬಲ್ ಒಂದು. ಮೊಬೈಲ್‌ನಲ್ಲಿರುವ ಬೈಬಲ್ ಈ ಅಭ್ಯಾಸಕ್ಕೆ ಆಗುವುದಿಲ್ಲ. ಓದುತ್ತಿರುವಾಗಲೇ ಮೇಲಿನಿಂದ ಮೆಸೇಜ್ ಇಳಿದರೆ ಅಲ್ಲಿಗೆ ಗಮನ ಮುರಿದಂತೆ. ಯಾವ ಭಾಷೆಯದು ಎಂಬುದೂ ಮುಖ್ಯ. ನಮ್ಮಲ್ಲಿ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಕನ್ನಡದಲ್ಲಿ, ಮನೆಮಾತು ಕೊಂಕಣಿ, ತುಳು ಅಥವಾ ತಮಿಳು, ಶಾಲೆ ಇಂಗ್ಲಿಷಿನಲ್ಲಿ ಇರುವವರು ಬಹಳ. ಸಿಟ್ಟು ಬಂದಾಗ, ಅಳು ಬಂದಾಗ ಬಾಯಿಗೆ ಬರುವ ಭಾಷೆ ಯಾವುದೋ ಆ ಭಾಷೆಯ ಬೈಬಲ್ ತೆಗೆದುಕೊಳ್ಳಿ.

ಇದರ ಜೊತೆಗೆ 40 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ನೆಟ್ಟಗೆ ಕೂರಲು ಕೈಯಿಲ್ಲದ ಕುರ್ಚಿ ಅಥವಾ ಚಾಪೆ, ಅಲಾರಂ ಇರುವ ಗಡಿಯಾರ. ಫೋನನ್ನೇ ಅಲಾರಂ ಮಾಡಿಕೊಳ್ಳಬೇಕಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ ಪಕ್ಕದ ಕೋಣೆಯಲ್ಲಿಡಿ. ನಾಲ್ಕು ಮೇಣದಬತ್ತಿಯ ಆಗಮನ ಮಾಲೆ (ಮೂರು ನೇರಳೆ, ಮೂರನೇ ಭಾನುವಾರಕ್ಕೆ ಒಂದು ಗುಲಾಬಿ) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹಿನ್ನೆಲೆ ಸಂಗೀತ ಮಾತ್ರ ಬೇಡ. ಹಾಡು ಹಾಕಿಕೊಂಡು ಕುಳಿತರೆ ಆಲಿಸುವುದು ಹಾಡನ್ನೇ.

## ಹಂತ 1: ತಾರೀಖು ಮತ್ತು ವಾಚನಗಳನ್ನು ಮೊದಲೇ ಗೊತ್ತುಮಾಡಿ

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. 2026ರಲ್ಲಿ ಅದು ನವೆಂಬರ್ 29, 2027ರಲ್ಲಿ ನವೆಂಬರ್ 28. ಕ್ರಿಸ್ಮಸ್ ವಾರದ ಯಾವ ದಿನ ಬೀಳುತ್ತದೆ ಎಂಬುದರ ಮೇಲೆ ಈ ಕಾಲ 22ರಿಂದ 28 ದಿನ ಇರುತ್ತದೆ. ಆದ್ದರಿಂದ "ನಾಲ್ಕು ಪೂರ್ತಿ ವಾರ" ಎಂದು ಲೆಕ್ಕ ಹಾಕಿ ಕೊನೆಯಲ್ಲಿ ದಿನ ಸಾಲದೆ ಪೇಚಾಡಬೇಡಿ. ಕ್ರಿಸ್ಮಸ್ ಸೋಮವಾರ ಬಂದರೆ ನಾಲ್ಕನೇ ವಾರ ಎಂದರೆ ಒಂದೇ ದಿನ.

ಕಥೋಲಿಕ ವಾಚನಕ್ರಮ (ಯಾವ ದಿನ ಬೈಬಲಿನ ಯಾವ ಭಾಗ ಓದಬೇಕೆಂಬ ಪಟ್ಟಿ) ಮೂರು ವರ್ಷಕ್ಕೊಮ್ಮೆ ಸುತ್ತುತ್ತದೆ. 2026ರ ಆಗಮನ ಕಾಲದಿಂದ ಭಾನುವಾರಗಳಿಗೆ ಮುಖ್ಯವಾಗಿ ಮಾರ್ಕನ ಶುಭಸಂದೇಶ (ಯೇಸುವಿನ ಜೀವನ ಹೇಳುವ ಬೈಬಲಿನ ಪುಸ್ತಕ), 2027ರಿಂದ ಲೂಕನದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಇತರ ಸಭೆಗಳವರು ತಮ್ಮ ಸಭೆಯ ವಾಚನಪಟ್ಟಿಯನ್ನೇ ಹಿಡಿಯಬಹುದು. ದಿನಕ್ಕೆ ಒಂದು ಭಾಗ ಮಾತ್ರ, ಹತ್ತು ಹದಿನೈದು ವಚನಗಳಿಗಿಂತ ಉದ್ದ ಬೇಡ. ಅಂದಂದಿನ ಭಾಗವನ್ನು ಬೆಳಿಗ್ಗೆ ಎದ್ದು ಹುಡುಕುವವರು ಹುಡುಕುವುದರಲ್ಲೇ ಐದು ನಿಮಿಷ ಕಳೆಯುತ್ತಾರೆ. ಶನಿವಾರ ರಾತ್ರಿ ಇಡೀ ವಾರದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಆ ತೊಂದರೆ ಇಲ್ಲ.

## ಹಂತ 2: ಹೊತ್ತು ಮತ್ತು ಜಾಗ

ಡಿಸೆಂಬರ್‌ನಲ್ಲಿ ಸಂಜೆಯ ಹೊತ್ತನ್ನು ನಂಬಬೇಡಿ. ಕ್ಯಾರಲ್ ತಂಡ ಬರುತ್ತದೆ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಕೆಲಸವಿರುತ್ತದೆ, ಮಂಗಳೂರು ಕಡೆಯ ಮನೆಗಳಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕರಿಯುವ ಗಡಿಬಿಡಿ ರಾತ್ರಿವರೆಗೂ ಇರುತ್ತದೆ. ಬೆಳಿಗ್ಗೆ, ಮನೆಯವರು ಏಳುವುದಕ್ಕೆ ಅರ್ಧ ಗಂಟೆ ಮೊದಲು ಕೂರುವುದೇ ಸರಿ. ರಾತ್ರಿ ಪಾಳಿಯವರು ಮನೆಗೆ ಬಂದು ಸ್ನಾನ ಮಾಡಿ, ಊಟಕ್ಕೆ ಮುಂಚೆ ಕೂರಬಹುದು. ಊಟದ ನಂತರ ಕುಳಿತರೆ ನಿದ್ದೆ ಖಂಡಿತ.

ಎರಡು ಕೋಣೆಯ ಮನೆಯಲ್ಲಿ ನಿಶ್ಶಬ್ದವಾದ ಮೂಲೆ ಸಿಗದಿರಬಹುದು. ಅದಕ್ಕಾಗಿ ಕಾಯಬೇಡಿ. ಮುಖ್ಯವಾದದ್ದು ದಿನವೂ ಅದೇ ಜಾಗ, ಗೋಡೆಯ ಕಡೆ ಮುಖ. ಹಾಸಿಗೆಯ ಮೇಲೆ ಕೂರುವುದನ್ನು ಮಾತ್ರ ಬಿಡಿ.

## ಹಂತ 3: ಕಿವಿಯನ್ನು ತೆರೆಯುವುದು (3 ನಿಮಿಷ)

ಬೆನ್ನು ನೆಟ್ಟಗೆ, ಪಾದ ನೆಲದ ಮೇಲೆ, ಕೈ ತೊಡೆಯ ಮೇಲೆ. ಶಿಲುಬೆಯ ಗುರುತು ಹಾಕಿ ಅಥವಾ ಒಂದು ಚಿಕ್ಕ ಪ್ರಾರ್ಥನೆ ಹೇಳಿ. ಬಾಲಕ ಸಮುವೇಲನ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ (1 ಸಮುವೇಲ 3:10): "ಅಪ್ಪಣೆಯಾಗಲಿ, ನಿಮ್ಮ ದಾಸ ಕೇಳುತ್ತಿದ್ದಾನೆ."

ಆಮೇಲೆ ಮೊದಲ ನಿಮಿಷ ಅತಿ ದೂರದಿಂದ ಬರುವ ಶಬ್ದವನ್ನು ಗಮನಿಸಿ: ರೈಲು, ಹಾಲಿನ ವ್ಯಾನು, ಮಸೀದಿಯ ಆಜಾನ್, ಕಾಗೆ. ಎರಡನೇ ನಿಮಿಷ ಮನೆಯೊಳಗಿನದು: ಫ್ಯಾನು, ತೊಟ್ಟಿಕ್ಕುವ ನಲ್ಲಿ, ಯಾರದೋ ಕೆಮ್ಮು. ಮೂರನೇ ನಿಮಿಷ ನಿಮ್ಮ ಉಸಿರು. ಯಾವ ಶಬ್ದಕ್ಕೂ ಒಳ್ಳೆಯದು ಕೆಟ್ಟದ್ದು ಎಂದು ಹೆಸರಿಡಬೇಡಿ, ಅಷ್ಟೂ ಇರಲಿ.

ಇದನ್ನು ಬಿಟ್ಟು ನೇರ ಓದಿಗೆ ಹೋಗುವವರೇ ಹೆಚ್ಚು. ಹಾಗೆ ಹೋದಾಗ ಕಣ್ಣು ಸಾಲಿನ ಮೇಲೆ ಓಡುತ್ತದೆ, ಕಿವಿ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಮೊದಲ ವಾರ ಈ ಹಂತಕ್ಕೆ ಐದು ನಿಮಿಷ ಕೊಟ್ಟರೂ ತಪ್ಪಿಲ್ಲ.

## ಹಂತ 4: ವಾಕ್ಯವನ್ನು ಆಲಿಸುವುದು (6 ನಿಮಿಷ)

ಇಡೀ ಸಾಧನೆಯ ಬೆನ್ನೆಲುಬು ಇದು. ಭಾಗವನ್ನು ಮೂರು ಸಲ, ಪ್ರತಿ ಸಲವೂ ನಿಮ್ಮ ಕಿವಿಗೆ ಬೀಳುವಷ್ಟು ದನಿಯಲ್ಲಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ಪರಿಚಿತ ಭಾಗಗಳನ್ನು ನಾವು ಓದುವುದೇ ಇಲ್ಲ, ನೆನಪಿನಿಂದ ಹಾರಿಸಿಬಿಡುತ್ತೇವೆ. ಆಗಮನ ಕಾಲದ ವಾಚನಗಳಂತೂ ಚಿಕ್ಕಂದಿನಿಂದ ಕೇಳಿದವೇ ಆಗಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು.

ಮೊದಲ ಓದು: ಯಾರು, ಎಲ್ಲಿ, ಯಾರಿಗೆ ಮಾತನಾಡುತ್ತಿದ್ದಾರೆ ಎಂಬುದಷ್ಟೇ.

ಎರಡನೇ ಓದು ನಿಧಾನ. ಯಾವ ಪದ ಅಥವಾ ಪದಗುಚ್ಛದ ಹತ್ತಿರ ಮನಸ್ಸು ತಡೆದು ನಿಲ್ಲುತ್ತದೋ ನೋಡಿ. ಹಿತವೆನಿಸಿದ್ದೇ ಆಗಬೇಕೆಂದಿಲ್ಲ, ಚುಚ್ಚಿದ್ದು, ಸಿಟ್ಟು ತರಿಸಿದ್ದೂ ಆಗಬಹುದು. ಎರಡು ಪದ ಸಿಕ್ಕರೆ ಮೊದಲನೆಯದನ್ನೇ ಇಟ್ಟುಕೊಳ್ಳಿ.

ಮೂರನೇ ಓದಿನಲ್ಲಿ ಆ ಪದ ಬಂದಲ್ಲಿ ನಿಲ್ಲಿ. ಮುಂದಕ್ಕೆ ಓದಬೇಡಿ. ಪದವನ್ನು ನಾಲ್ಕೈದು ಸಲ ಮೆಲ್ಲಗೆ ಹೇಳಿಕೊಂಡು ಪುಸ್ತಕ ಮುಚ್ಚಿ.

ಯೇಸು ಹುಟ್ಟುವ ಸುದ್ದಿ ಮಾತೆ ಮರಿಯರಿಗೆ ಸಿಗುವ ಲೂಕ 1:26-38ನ್ನೇ ತೆಗೆದುಕೊಳ್ಳೋಣ. ದೇವದೂತ ಗಬ್ರಿಯೇಲ ಇಲ್ಲಿ ಮೂರು ಸಲ ಮಾತನಾಡುತ್ತಾನೆ: 28ನೇ ವಚನದಲ್ಲಿ, 30ರಿಂದ 33ರವರೆಗೆ, ಮತ್ತೆ 35ರಿಂದ 37ರವರೆಗೆ. ಮಾತೆ ಮರಿಯ ಮಾತನಾಡುವುದು ಎರಡೇ ಸಲ. ಮೊದಲ ಮಾತಿಗೆ ಅವರದು ಉತ್ತರವೇ ಇಲ್ಲ. ಕಳವಳಗೊಂಡು, ಇದೆಂಥ ವಂದನೆ ಎಂದು ಯೋಚಿಸುತ್ತಾರೆ (29). ಎರಡನೆಯದಕ್ಕೆ ಒಂದು ಪ್ರಶ್ನೆ (34). ಮೂರನೆಯದರ ನಂತರವೇ ಒಪ್ಪಿಗೆ (38). ಮನಸ್ಸಿನಲ್ಲಿ ಓದಿಕೊಂಡು ಹೋಗುವವರು 28ರಿಂದ ನೇರ 38ಕ್ಕೆ ಜಿಗಿಯುತ್ತಾರೆ, ಕಳವಳ ಮತ್ತು ಪ್ರಶ್ನೆ ಎರಡೂ ಅವರಿಗೆ ಕೇಳಿಸುವುದಿಲ್ಲ. ಗಟ್ಟಿಯಾಗಿ ಓದಿದರೆ 29ನೇ ವಚನದ ಆ ತಡೆ ಕಿವಿಗೆ ಸಿಗುತ್ತದೆ. ಒಪ್ಪಿಕೊಳ್ಳುವ ಮೊದಲು ಕಳವಳಪಡುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಇಲ್ಲಿ ಜಾಗವಿದೆ ಎಂಬುದು ಎಷ್ಟೋ ಜನರ ಪ್ರಾರ್ಥನೆಯನ್ನೇ ಬದಲಾಯಿಸಬಲ್ಲ ಸಂಗತಿ.

ಈ ಹಂತದಲ್ಲಿ ಹೆಚ್ಚಾಗಿ ಆಗುವ ತಪ್ಪು, ಪದ ಸಿಕ್ಕ ಕೂಡಲೇ ಅರ್ಥ ಹುಡುಕಲು ಅಡಿಟಿಪ್ಪಣಿಗೋ ವ್ಯಾಖ್ಯಾನಕ್ಕೋ ಹೋಗುವುದು. ಅಧ್ಯಯನ ಬೇಕೇ ಬೇಕು. ಅದನ್ನು ಮಧ್ಯಾಹ್ನಕ್ಕೋ ಭಾನುವಾರಕ್ಕೋ ಇಟ್ಟುಕೊಳ್ಳಿ. ಇನ್ನೊಂದು ತಪ್ಪು, ಓದುತ್ತಾ ಓದುತ್ತಾ "ಇದು ನನ್ನ ತಮ್ಮ ಕೇಳಬೇಕಾದ ಮಾತು" ಎಂದುಕೊಳ್ಳುವುದು. ಬೇರೆಯವರ ಮುಖ ಕಣ್ಣಮುಂದೆ ಬಂದ ಕ್ಷಣ ಆ ವಚನವನ್ನು ನಿಮ್ಮ ಹೆಸರು ಸೇರಿಸಿ ಇನ್ನೊಮ್ಮೆ ಓದಿ.

## ಹಂತ 5: ಮೌನ (6 ನಿಮಿಷ)

ಈಗ ಮೌನಕ್ಕೆ ಹಿಡಿದುಕೊಳ್ಳಲು ಒಂದು ಪದವಿದೆ. ಕಣ್ಣು ಮುಚ್ಚಿ ಅಥವಾ ಮೇಣದಬತ್ತಿಯ ಕಡೆ ನೋಡುತ್ತಾ ಅದರೊಂದಿಗೆ ಇರಿ. ಗ್ಯಾಸ್ ಬುಕ್ ಮಾಡಬೇಕು, ಫೀಸು ಕಟ್ಟಬೇಕು ಎಂಬ ಯೋಚನೆ ಬಂದೇ ಬರುತ್ತದೆ. ಬಂತೆಂದು ಗೊತ್ತಾದಾಗ ಬೈದುಕೊಳ್ಳದೆ ಪದವನ್ನು ಒಮ್ಮೆ ಹೇಳಿಕೊಂಡು ವಾಪಸ್ ಬನ್ನಿ. ಆರು ನಿಮಿಷದಲ್ಲಿ ಇಪ್ಪತ್ತು ಸಲ ವಾಪಸ್ ಬಂದರೂ ಸಾಧನೆ ಕೆಟ್ಟಿಲ್ಲ, ಆ ಬರುವುದೇ ಸಾಧನೆ.

ಒಂದೇ ಯೋಚನೆ ಮೂರು ದಿನ ಸತತವಾಗಿ ಬಂದರೆ ಅದನ್ನು ಅಡ್ಡಿ ಎಂದು ತಳ್ಳಬೇಡಿ. ಮಾತುಬಿಟ್ಟ ಅಣ್ಣನ ನೆನಪು, ಹೇಳದೆ ಉಳಿಸಿಕೊಂಡ ಸಾಲ. ಅದನ್ನು ಮುಂದಿನ ಹಂತಕ್ಕೆ ಒಯ್ಯಿರಿ.

ಧ್ವನಿ ಕೇಳಿಸಲಿ ಎಂದು ಕಾಯಬೇಡಿ. ಈ ಸಾಧನೆ ಮಾಡುವವರಿಗೆ ಸಾಮಾನ್ಯವಾಗಿ ಆಗುವುದು ಇಷ್ಟೇ: ಒಂದು ಪದ ಭಾರವಾಗುತ್ತದೆ, ದಿನದ ನಡುವೆ ಮತ್ತೆ ನೆನಪಾಗುತ್ತದೆ, ಒಂದು ಕೆಲಸವನ್ನು ಮಾಡುವಂತೆಯೋ ಬಿಡುವಂತೆಯೋ ಒಳಗಿನಿಂದ ತಿದ್ದುತ್ತದೆ. ಏನೂ ಆಗದ ದಿನಗಳೇ ಹೆಚ್ಚು. ಬೇಗ ಎದ್ದುಬಿಡೋಣ ಎನಿಸಿದರೆ ಗೊತ್ತುಮಾಡಿದ ಹೊತ್ತಿಗಿಂತ ಒಂದು ನಿಮಿಷ ಹೆಚ್ಚೇ ಕುಳಿತುಕೊಳ್ಳಿ; ಜೆಸುಯಿಟ್ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಕೊಟ್ಟ ಸಲಹೆಯೂ ಇದೇ. ಮನಸ್ಸು ಒಣಗಿದ ದಿನ, ಮೊದಲು ಮಾಡಿದ ತೀರ್ಮಾನವನ್ನು ಬದಲಾಯಿಸಬಾರದು ಎಂಬುದೂ ಅವರದೇ ನಿಯಮ. ಆದ್ದರಿಂದ "ಇದು ನನಗೆ ಆಗಿಬರುವುದಿಲ್ಲ" ಎಂಬ ನಿರ್ಧಾರವನ್ನು ಒಣ ದಿನದಂದು ತೆಗೆದುಕೊಳ್ಳಬೇಡಿ.

## ಹಂತ 6: ಉತ್ತರ, ಆಮೇಲೆ ಎರಡು ಸಾಲು (5 ನಿಮಿಷ)

ಈಗ ನೀವು ಮಾತನಾಡಿ. ಮನೆಯ ಹಿರಿಯರ ಹತ್ತಿರ ಹೇಳಿಕೊಳ್ಳುವಂತೆ, ಸಾದಾ ಮಾತಿನಲ್ಲಿ. ದೂರು ಇದ್ದರೆ ದೂರು. ಕೊನೆಯಲ್ಲಿ ಪರಲೋಕ ಪ್ರಾರ್ಥನೆ (ಯೇಸು ಕಲಿಸಿದ ಪ್ರಾರ್ಥನೆ).

ನೋಟ್‌ಬುಕ್ಕಿನಲ್ಲಿ ತಾರೀಖು, ಸಿಕ್ಕ ಪದ, ಇವತ್ತು ಮಾಡುವ ಒಂದು ಕೆಲಸ. ಕೆಲಸ ಅಳತೆಗೆ ಸಿಗುವಂಥದ್ದಾಗಿರಲಿ. "ಪ್ರೀತಿಯಿಂದ ಇರುತ್ತೇನೆ" ಎಂದು ಬರೆದರೆ ಸಂಜೆ ಪರೀಕ್ಷಿಸಲು ಏನೂ ಇರುವುದಿಲ್ಲ. "ಹನ್ನೊಂದು ಗಂಟೆಗೆ ಚಿಕ್ಕಮ್ಮನಿಗೆ ಫೋನ್ ಮಾಡುತ್ತೇನೆ" ಎಂದು ಬರೆದರೆ ಇರುತ್ತದೆ. ಪುಟಗಟ್ಟಲೆ ಬರೆಯಲು ಶುರುಮಾಡಿದರೆ ಎಚ್ಚರ, ಆಲಿಸುವುದು ನಿಂತು ಪ್ರಬಂಧ ಶುರುವಾಗಿದೆ.

## ಹಂತ 7: ಭಾನುವಾರದ ಬಲಿಪೂಜೆಯಲ್ಲಿ

ಶನಿವಾರ ರಾತ್ರಿಯೇ ವಾಚನಗಳನ್ನು ಒಮ್ಮೆ ಓದಿಕೊಳ್ಳಿ. ಭಾನುವಾರ ಕೈಯಲ್ಲಿ ಹಾಳೆ ಹಿಡಿದು ಜೊತೆಜೊತೆಗೆ ಓದದೆ ವಾಚಕರ ಕಡೆ ನೋಡಿ, ಕೇಳಿ. ಕಿವಿ ಮಂದವಿರುವವರು ಹಾಳೆ ಹಿಡಿಯುವುದೇ ಸರಿ, ಅಥವಾ ಸ್ಪೀಕರ್ ಹತ್ತಿರದ ಬೆಂಚು. ಗುರುಗಳ ಪ್ರಬೋಧನೆಯಲ್ಲಿ (ಪ್ರವಚನದಲ್ಲಿ) ಒಂದೇ ಒಂದು ವಾಕ್ಯ ಮನೆಗೆ ಒಯ್ಯಲು ಪ್ರಯತ್ನಿಸಿ. ಗುರುಗಳು ಚೆನ್ನಾಗಿ ಮಾತನಾಡಲಿಲ್ಲ ಎನಿಸಿದ ದಿನವೂ ಇದು ಸಾಧ್ಯ. ದಾರಿಯಲ್ಲಿ ಪ್ರಬೋಧನೆಯ ವಿಮರ್ಶೆಗೆ ಇಳಿದರೆ ಮಾತ್ರ ಆ ವಾಕ್ಯವೂ ಹೋಗುತ್ತದೆ.

## ಹಂತ 8: ಮನೆಯವರಿಗೆ ಕಿವಿಯಾಗುವುದು (ಮೂರನೇ ವಾರದಿಂದ, ದಿನಕ್ಕೆ 10 ನಿಮಿಷ)

ಇದನ್ನು ಮೂರನೇ ವಾರಕ್ಕೆ ಇಟ್ಟಿರುವುದಕ್ಕೆ ಕಾರಣವಿದೆ. ಎರಡು ವಾರ ವಾಕ್ಯದ ಮುಂದೆ ಬಾಯಿ ಮುಚ್ಚಿ ಕುಳಿತ ಮೇಲೆ ಮನುಷ್ಯರ ಮುಂದೆಯೂ ಅದು ಸ್ವಲ್ಪ ಬರುತ್ತದೆ. ಯಾಕೋಬನ ಪತ್ರ 1:19 ಹೇಳುವ ಕ್ರಮವೂ ಇದೇ: ಆಲಿಸಲು ಚುರುಕು, ಮಾತಿಗೆ ನಿಧಾನ, ಕೋಪಕ್ಕೂ ನಿಧಾನ.

ದಿನಕ್ಕೆ ಒಬ್ಬರು. ಹೊತ್ತನ್ನು ಅವರೇ ಆರಿಸಲಿ. ಟಿವಿ ಆಫ್, ಫೋನು ಬೇರೆ ಕೋಣೆಯಲ್ಲಿ. ಎದುರಾಬದುರಾ ಕೂತರೆ ವಿಚಾರಣೆಯಂತಾಗುತ್ತದೆ, ಪಕ್ಕಕ್ಕೆ ಕುಳಿತುಕೊಳ್ಳಿ. ಅವರೆಕಾಯಿ ಸುಲಿಯುತ್ತಲೋ ಕುಸ್ವಾರ್ ಉಂಡೆ ಕಟ್ಟುತ್ತಲೋ ಕೈಗೊಂದು ಕೆಲಸವಿದ್ದರೆ ಮಾತು ಸಲೀಸಾಗಿ ಬರುತ್ತದೆ, ಹದಿಹರೆಯದ ಮಕ್ಕಳಿಗಂತೂ ಹೀಗೇ ಬರುತ್ತದೆ.

"ಹೇಗಿದ್ದೀಯ?" ಎಂದರೆ "ಚೆನ್ನಾಗಿದ್ದೀನಿ" ಎಂದು ಮಾತು ಮುಗಿದುಹೋಗುತ್ತದೆ. "ಈ ವಾರ ಯಾವುದು ಕಷ್ಟ ಅನ್ನಿಸ್ತು?" ಎಂದು ಕೇಳಿ ನೋಡಿ. ಅವರು ಮಾತು ನಿಲ್ಲಿಸಿದಾಗ ಮನಸ್ಸಿನಲ್ಲೇ ಐದು ಎಣಿಸಿ. ಹೆಚ್ಚಾಗಿ ಮುಖ್ಯವಾದ ಮಾತು ಆ ಐದರ ನಂತರವೇ ಹೊರಬರುತ್ತದೆ. ಬರದಿದ್ದರೆ "ಆಮೇಲೆ?" ಎಂದರೆ ಸಾಕು.

ಈ ಹತ್ತು ನಿಮಿಷದಲ್ಲಿ ಬಾಯಿಗೆ ಬರಬಾರದ ಮಾತುಗಳು: "ಅದಕ್ಕೇ ನಾನು ಮೊದಲೇ ಹೇಳಿದ್ದು." "ನನಗೂ ಹಂಗೇ ಆಗಿತ್ತು." "ಎಲ್ಲಾ ಸರಿಹೋಗುತ್ತೆ ಬಿಡು." ಕೊನೆಯದಾಗಿ, ನಮ್ಮ ಮನೆಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೇಳುವ "ಪ್ರಾರ್ಥನೆ ಮಾಡು" ಎಂಬ ಮಾತು. ಅದನ್ನು ಅವರ ಮಾತಿನ ನಡುವೆ ಹೇಳಿದರೆ "ಸಾಕು, ನಿಲ್ಲಿಸು" ಎಂದಂತೆಯೇ. ಪ್ರಾರ್ಥನೆಯನ್ನು ಅವರಿಗಾಗಿ ನೀವು ಮಾಡಿ, ಮಾರನೇ ಬೆಳಿಗ್ಗೆ, ಹಂತ 6ರಲ್ಲಿ.

ಅಜ್ಜ ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತಾರೆಯೇ? ಈ ಸಲ ಹಿಂದೆ ಹೇಳದಿದ್ದ ಒಂದು ವಿವರಕ್ಕೆ ಕಾಯಿರಿ, ಅದನ್ನು ಹಿಡಿದು ಕೇಳಿ: "ಆ ದಿನ ಅಜ್ಜಿ ಏನಂದ್ರು?" ಕ್ರಿಸ್ಮಸ್‌ಗೆಂದು ಗಲ್ಫ್‌ನಿಂದ ಬರುವವರಿಗೆ ಬಂದ ದಿನವೇ ಈ ಅಭ್ಯಾಸ ಬೇಡ, ನೆಂಟರ ಸಡಗರ ಇಳಿಯಲಿ, ಎರಡು ದಿನ ಬಿಟ್ಟು ಕುಳಿತುಕೊಳ್ಳಿ.

ಕೇಳಿದ್ದು ನಿಮ್ಮಲ್ಲೇ ಇರಲಿ. ಪ್ರಾರ್ಥನಾ ಕೂಟದಲ್ಲಿ "ಇಂಥವರಿಗಾಗಿ ಬೇಡೋಣ" ಎಂದು ಹೆಸರು ಹೇಳಿ ವಿಷಯ ಹೊರಗೆ ಬಿಡುವುದೂ ಚಾಡಿಯೇ. ಇದಕ್ಕೆ ಒಂದೇ ಅಪವಾದ, ಜೀವಕ್ಕೋ ಮಗುವಿಗೋ ಅಪಾಯವಿದೆ ಎಂದು ಗೊತ್ತಾದರೆ ಗುಟ್ಟು ಕಾಯಬಾರದು. ಸಾಯುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ; ಮಗುವಿನ ಮೇಲೆ ದೌರ್ಜನ್ಯದ ಮಾತಾದರೆ ಮಕ್ಕಳ ಸಹಾಯವಾಣಿ 1098.

## ಹಂತ 9: ಡಿಸೆಂಬರ್ 17ರಿಂದ 24

ಈ ಎಂಟು ದಿನಗಳಿಗೆ ಕಥೋಲಿಕ ಸಭೆ ತಾರೀಖಿನ ಪ್ರಕಾರ ಶುಭಸಂದೇಶ ಗೊತ್ತುಮಾಡಿದೆ. ಭಾನುವಾರ ಬಂದ ದಿನ ಭಾನುವಾರದ ವಾಚನವೇ ನಡೆಯುತ್ತದೆ, ಉಳಿದಂತೆ:

17: ಮತ್ತಾಯ 1:1-17
18: ಮತ್ತಾಯ 1:18-24
19: ಲೂಕ 1:5-25
20: ಲೂಕ 1:26-38
21: ಲೂಕ 1:39-45
22: ಲೂಕ 1:46-56
23: ಲೂಕ 1:57-66
24: ಲೂಕ 1:67-79, ಬೆಳಿಗ್ಗೆ

17ರ ಯೇಸುವಿನ ವಂಶಾವಳಿಯನ್ನು ಹೆಸರುಗಳ ಪಟ್ಟಿ ಎಂದು ಬಿಡುವವರೇ ಬಹಳ. ಗಟ್ಟಿಯಾಗಿ ಓದಿ, ತಾಮಾರಳು, ರಾಹಾಬಳು, ರೂತಳು, ಊರಿಯನ ಹೆಂಡತಿ ಬಂದಲ್ಲೆಲ್ಲ ಒಂದು ಉಸಿರು ನಿಲ್ಲಿ.

19 ಮತ್ತು 23ನ್ನು ಜೋಡಿಯಾಗಿ ನೋಡಿ. ಸ್ನಾನಿಕ ಯೊವಾನ್ನನ ತಂದೆ ಜಕರೀಯ, ಮಗ ಹುಟ್ಟುತ್ತಾನೆಂಬ ದೂತನ ಮಾತನ್ನು ನಂಬದೆ ಹೋಗಿ ಮೂಕನಾಗುತ್ತಾನೆ (1:20). ಮಗು ಹುಟ್ಟಿದಾಗ ನೆಂಟರು ಅವನಿಗೆ ಸನ್ನೆ ಮಾಡಿ ಕೇಳುತ್ತಾರೆ (1:62), ಅವನು ಹಲಗೆಯ ಮೇಲೆ ಹೆಸರು ಬರೆಯುತ್ತಾನೆ, ನಾಲಿಗೆ ಸಡಿಲವಾದಾಗ ಮೊದಲು ಬರುವುದು ದೇವರ ಸ್ತುತಿ (1:64). 23ರಂದು ಹೀಗೆ ಮಾಡಿ: ಎದ್ದ ಮೇಲೆ ಒಂದು ಗಂಟೆ ಮಾತಿಲ್ಲ. ಹಿಂದಿನ ರಾತ್ರಿಯೇ ಮನೆಯವರಿಗೆ ತಿಳಿಸಿರಿ, ಇಲ್ಲವಾದರೆ ಮುನಿಸಿಕೊಂಡಿದ್ದೀರೆಂದು ತಿಳಿದಾರು. ಆ ಗಂಟೆಯಲ್ಲಿ ಎಷ್ಟು ಸಲ ಬೈಯಲು, ತಿದ್ದಲು, ಸಲಹೆ ಕೊಡಲು ಬಾಯಿ ತೆರೆಯಿತು ಎಂಬುದನ್ನು ಗಮನಿಸಿ ಬರೆದುಕೊಳ್ಳಿ.

## ಗುಂಪಿನಲ್ಲಿ, ಮಕ್ಕಳೊಂದಿಗೆ

ನಾಲ್ಕರಿಂದ ಎಂಟು ಜನರಿದ್ದರೆ ಸರಿ. ಓದುವವರು ಮೂರು ಸಲವೂ ಬೇರೆ ಬೇರೆಯವರಾಗಿರಲಿ. ಎರಡನೇ ಓದಿನ ನಂತರ ಪ್ರತಿಯೊಬ್ಬರೂ ತಮ್ಮ ಪದವನ್ನಷ್ಟೇ ಹೇಳಲಿ. ವಿವರಣೆ, ಚರ್ಚೆ, "ನೀವಂದದ್ದಕ್ಕೆ ಸೇರಿಸಿ ಹೇಳೋದಾದ್ರೆ" ಯಾವುದೂ ಬೇಡ. ಮಕ್ಕಳಿದ್ದರೆ ಐದು ವಚನ, ಒಂದು ನಿಮಿಷ ಮೌನ. ಮಗು "ಕತ್ತೆ" ಎಂದರೂ ನಗಬೇಡಿ, ತಿದ್ದಬೇಡಿ.

## ಎಚ್ಚರದ ಗುರುತುಗಳು

"ದೇವರು ನನಗೆ ಹೇಳಿದರು, ನೀನು ಹೀಗೆ ಮಾಡಬೇಕು" ಎಂದು ಇನ್ನೊಬ್ಬರಿಗೆ ಸಂದೇಶ ಒಯ್ಯುವ ಆಸೆ ಬಂದರೆ ನಿಲ್ಲಿ. ಸಿಕ್ಕ ಪದ ನಿಮ್ಮದು, ಅವರದಲ್ಲ.

ಒಳಗಿನ ಪ್ರೇರಣೆ ಅವಸರಪಡಿಸುತ್ತಿದ್ದರೆ, ಹೆದರಿಸುತ್ತಿದ್ದರೆ, ಯಾರಿಗೂ ಹೇಳಬೇಡ ಎನ್ನುತ್ತಿದ್ದರೆ ಅದರ ಮೇಲೆ ಯಾವ ತೀರ್ಮಾನವನ್ನೂ ಮಾಡದೆ ನಿಮ್ಮ ಗುರುಗಳ ಅಥವಾ ಸಭಾಪಾಲಕರ ಬಳಿ ಮಾತನಾಡಿ. ಇಪ್ಪತ್ತು ದಿನವೂ ನೀವು ಮೊದಲೇ ಬಯಸಿದ್ದೇ "ಕೇಳಿಸುತ್ತಿದ್ದರೆ" ಅದೂ ಅನುಮಾನಕ್ಕೆ ಕಾರಣ. ಪ್ರಾರ್ಥನೆಗೆಂದು ಮಗುವಿನ ಊಟ, ರೋಗಿಯ ಔಷಧಿ ತಪ್ಪುತ್ತಿದ್ದರೆ ಹೊತ್ತು ಬದಲಾಯಿಸಿ.

ನಿಜವಾಗಿಯೇ ಕಿವಿಗೆ ಧ್ವನಿಗಳು ಕೇಳಿಸುತ್ತಿವೆ, ನಿದ್ದೆ ಹಲವು ರಾತ್ರಿಗಳಿಂದ ಇಲ್ಲ, ಯಾರಿಗೋ ಅಥವಾ ತನಗೇ ಹಾನಿ ಮಾಡಿಕೊಳ್ಳೆಂಬ ಆಜ್ಞೆ ಬರುತ್ತಿದೆ ಎಂದಾದರೆ ಅದು ವೈದ್ಯರ ಬಳಿಗೆ ಹೋಗುವ ಸಂಗತಿ. ಅಭ್ಯಾಸ ನಿಲ್ಲಿಸಿ ಅಂದೇ ಹೋಗಿ.

ಈ ವರ್ಷ ಮನೆಯಲ್ಲಿ ಸಾವಾಗಿದ್ದರೆ ದೀರ್ಘ ಮೌನ ಗಾಯವನ್ನು ಕೆದಕಬಹುದು. ಮೌನವನ್ನು ಒಂದೆರಡು ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತು ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಅಥವಾ ನಡೆಯುತ್ತಾ ಓದಿಕೊಳ್ಳಿ.

## ದಿನ ತಪ್ಪಿದರೆ, ಕ್ರಿಸ್ಮಸ್ ನಂತರ

ತಪ್ಪಿದ ದಿನದ ವಾಚನವನ್ನು ಮಾರನೇ ದಿನಕ್ಕೆ ಸೇರಿಸಬೇಡಿ. ಎರಡು ಭಾಗ ಒಟ್ಟಿಗೆ ಹಿಡಿದವರು ಮೂರನೇ ದಿನ ಕೈಬಿಡುತ್ತಾರೆ. ಅಂದಿನದನ್ನು ಅಂದು ಮಾಡಿ. ಪೂರ್ತಿ 20 ನಿಮಿಷ ಸಿಗದ ದಿನ ಹಂತ 3ಕ್ಕೆ ಒಂದು ನಿಮಿಷ, ಹಂತ 4ರ ಎರಡು ಓದು, ಪರಲೋಕ ಪ್ರಾರ್ಥನೆ. ಇಷ್ಟು ಐದು ನಿಮಿಷದ ಕೆಲಸ.

ಕ್ರಿಸ್ಮಸ್ ಆದ ಮೇಲೆ ಜನವರಿಯಲ್ಲಿ ಬರುವ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ದಿನಕ್ಕೆ ಹತ್ತು ನಿಮಿಷದಂತೆ ಮುಂದುವರಿಸಿ. ಜನವರಿ 1ರ ಶುಭಸಂದೇಶ ಲೂಕ 2:16-21. ಅಂದು ಓದು ಮುಗಿದ ಮೇಲೆ ನೋಟ್‌ಬುಕ್ಕನ್ನು ಮೊದಲ ಪುಟದಿಂದ ನೋಡುತ್ತಾ ಬನ್ನಿ. ಎರಡಕ್ಕಿಂತ ಹೆಚ್ಚು ಸಲ ಬಂದ ಪದಕ್ಕೆ, ಬರೆದಿಟ್ಟೂ ಮಾಡದೆ ಉಳಿದ ಕೆಲಸಕ್ಕೆ ಗೆರೆ ಎಳೆಯಿರಿ. ಆ ಎರಡನ್ನು ಹಿಡಿದುಕೊಂಡು ಜನವರಿ ಮುಗಿಯುವುದರೊಳಗೆ ನಿಮ್ಮ ಗುರುಗಳನ್ನೋ ನೀವು ನಂಬುವ ಹಿರಿಯರನ್ನೋ ಒಮ್ಮೆ ಕಂಡು ಬನ್ನಿ.